ನಡುರಾತ್ರಿಗೆ ‘ವಿಚಿಂಗ್ ಅವರ್’ ಎಂಬ ಹೆಸರೇಕೆ?

ನಡುರಾತ್ರಿ ಥಟ್ಟನೆ ಎಚ್ಚರವಾದರೆ ಅದು ದುಷ್ಟಶಕ್ತಿಯ ಕೆಲಸವೇ ಎಂದು ನಮ್ಮನ್ನು ಕೇಳುವ ಭಕ್ತಾದಿಗಳಿದ್ದಾರೆ. ಈ ಭಯಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರೇ ಇದೆ: ‘ವಿಚಿಂಗ್ ಅವರ್’. ‘ವಿಚ್’ ಎಂದರೆ ಮಾಟಗಾತಿ. ಮಾಟಗಾತಿಯರಿಗೂ ಪ್ರೇತಗಳಿಗೂ ಬಲ ಬರುವ ಹೊತ್ತು ಎಂಬುದು ಇದರ ಅರ್ಥ. (ಅಮೆರಿಕದ ಷೇರುಪೇಟೆಯಲ್ಲೂ ‘ಟ್ರಿಪಲ್ ವಿಚಿಂಗ್’ ಎಂಬ ಮಾತಿದೆ, ಅಲ್ಲಿ ಮಾಟವಿಲ್ಲ, ಹಣದ ಗದ್ದಲ ಮಾತ್ರ.)

ಈ ಮಾತಿನ ಬೇರು ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿದೆ. 1600ರ ಸುಮಾರಿನ ಈ ನಾಟಕದ ಮೂರನೇ ಅಂಕದಲ್ಲಿ ರಾಜಕುಮಾರನು ನಡುರಾತ್ರಿಯನ್ನು ಮಾಟದ ಸಮಯವೆಂದು ಕರೆಯುತ್ತಾನೆ. ಆಗಿನ ಪ್ರೇಕ್ಷಕರಿಗೆ ಅದು ಬರಿಯ ಅಲಂಕಾರವಾಗಿರಲಿಲ್ಲ. ಮಾಟಗಾತಿಯರೆಂದು ಹೆಂಗಸರನ್ನು ಕೊಲ್ಲುತ್ತಿದ್ದ ಕಾಲವದು.

ಇಲ್ಲಿ ಧರ್ಮಸಭೆಯ ಪಾತ್ರವನ್ನು ಮುಚ್ಚಿಡುವಂತಿಲ್ಲ. ಹಾಗೆ ನೋಡಿದರೆ ಧರ್ಮಸಭೆಯ ಹಳೆಯ ಬೋಧನೆ ಬೇರೆಯೇ ಆಗಿತ್ತು. ಕ್ರಿ.ಶ. 906ರ ಸುಮಾರಿಗೆ ಪ್ರೂಮ್‌ನ ಮಠಾಧಿಪತಿ ರೆಜಿನೊ ಸಂಗ್ರಹಿಸಿದ ಒಂದು ಕಟ್ಟಳೆಯ ಪ್ರಕಾರ, ರಾತ್ರಿ ಡಯಾನಾ ದೇವತೆಯೊಡನೆ ಮೃಗಗಳ ಮೇಲೆ ಸವಾರಿ ಹೋಗುತ್ತೇವೆನ್ನುವ ಹೆಂಗಸರದು ಕೇವಲ ಭ್ರಮೆ. ಅದನ್ನು ನಿಜವೆಂದು ನಂಬುವವರೇ ವಿಶ್ವಾಸದಿಂದ ಜಾರಿದವರು; ಗುರುಗಳು ಹೀಗೆಂದು ಜನರಿಗೆ ಬೋಧಿಸಬೇಕಿತ್ತು. ಆದರೆ 1484ರಲ್ಲಿ ಪೋಪ್ ಎಂಟನೇ ಇನ್ನೊಸೆಂಟ್‌ರವರು ಮಾಟಗಾತಿಯರ ವಿಚಾರಣೆಗೆ ಆಜ್ಞಾಪತ್ರ ನೀಡಿದರು. ಅದರ ಬಲದಿಂದ ಡೊಮಿನಿಕನ್ ಸಭೆಯ ಹೈನ್ರಿಕ್ ಕ್ರಾಮರ್ ಮಾಟಗಾತಿಯರ ಬೇಟೆಗೆ ಕೈಪಿಡಿಯನ್ನೇ ಬರೆದ. ಕಥೋಲಿಕರೂ ಪ್ರೊಟೆಸ್ಟೆಂಟರೂ ಅದೇ ಹಾದಿ ಹಿಡಿದರು. ಹದಿನೆಂಟನೇ ಶತಮಾನದವರೆಗೆ ಯುರೋಪಿನಲ್ಲಿ ಸುಮಾರು 40ರಿಂದ 60 ಸಾವಿರ ಜನ ಹೀಗೆ ಬಲಿಯಾದರೆಂದು ಇತಿಹಾಸಕಾರರ ಅಂದಾಜು. ಹೆಚ್ಚಿನವರು ಹೆಂಗಸರು.

ನಮ್ಮವರಲ್ಲೇ ಎದುರು ಮಾತಾಡಿದವರೂ ಇದ್ದರು. ಯೇಸುಸಭೆಯ ಫಾದರ್ ಫ್ರೀಡ್ರಿಕ್ ಸ್ಪೇ ಅವರ ಗ್ರಂಥ 1631ರಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ಮಾಟಗಾತಿಯೆಂದು ಒಪ್ಪಿಕೊಳ್ಳುತ್ತಾರೆ ಎಂಬುದು ಅವರ ವಾದ. ಹೆಸರು ಹಾಕದೆ ಪ್ರಕಟಿಸಬೇಕಾದರೆ ಅಂದಿನ ಭಯ ಎಷ್ಟಿತ್ತೆಂದು ಊಹಿಸಬಹುದು.

ಇತ್ತೀಚೆಗೆ ಸಿನೆಮಾಗಳು ಈ ಹೊತ್ತನ್ನು ಬೆಳಗಿನ ಜಾವ ಮೂರಕ್ಕೆ ಸರಿಸಿವೆ. ಯೇಸುಸ್ವಾಮಿ ಮಧ್ಯಾಹ್ನ ಮೂರಕ್ಕೆ ಪ್ರಾಣಬಿಟ್ಟರು, ಆದ್ದರಿಂದ ಸೈತಾನನದು ರಾತ್ರಿ ಮೂರು ಎಂಬ ಲೆಕ್ಕ! ಪವಿತ್ರ ಗ್ರಂಥದಲ್ಲಿ ಇಂಥ ಗಡಿಯಾರವಿಲ್ಲ. ಅಲ್ಲಿ ಪೌಲ ಮತ್ತು ಸೀಲ ಸೆರೆಮನೆಯಲ್ಲಿ ದೇವರನ್ನು ಹಾಡಿ ಸ್ತುತಿಸಿದ್ದು ನಡುರಾತ್ರಿಯಲ್ಲೇ (ಪ್ರೇಷಿತರ ಕಾರ್ಯಕಲಾಪಗಳು 16:25). ಕ್ರಿಸ್ಮಸ್ಸಿನ ನಡುರಾತ್ರಿಯ ಬಲಿಪೂಜೆಯಂತೂ ಎಲ್ಲರಿಗೂ ಗೊತ್ತು. ಈಗ ಹಲವೆಡೆ ಅದು ಸಂಜೆಯೇ ಮುಗಿಯುತ್ತದೆ. ಅದು ಜನರ ಅನುಕೂಲಕ್ಕೆ, ಪ್ರೇತದ ಭಯಕ್ಕಲ್ಲ.