ಅನುಭವ ಕೇಳೋರೇ ಎಲ್ಲ, ಕೊಡೋರು ಯಾರು?

ಬಿ.ಎಸ್ಸಿ ನರ್ಸಿಂಗ್ ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯನ್ನೂ ಮಾಡಿಸಿ ಬೆಂಗಳೂರಿನ ಆಸ್ಪತ್ರೆಗಳಿಗೆ ಅಲೆದೆ. ಎಲ್ಲೆಡೆ ಒಂದೇ ಪ್ರಶ್ನೆ: ‘ಎಕ್ಸ್‌ಪೀರಿಯನ್ಸ್ ಎಷ್ಟಿದೆ?’ ಓದುವಾಗ ವಾರ್ಡುಗಳಲ್ಲಿ ಮಾಡಿದ ಡ್ಯೂಟಿ ಲೆಕ್ಕಕ್ಕೇ ಇಲ್ಲ.

ಕಾರಣ ಇಷ್ಟೇ. ಹೊಸಬರಿಗೆ ಕೆಲಸ ಕಲಿಸಲು ಹಿರಿಯ ನರ್ಸ್ ಒಬ್ಬರ ಸಮಯ ಬೇಕು. ಸಿಬ್ಬಂದಿ ಕಡಿಮೆಯಿರುವ ಆಸ್ಪತ್ರೆ, ಆ ಖರ್ಚು ಬೇರೆಯವರು ಮಾಡಲಿ ಅನ್ನುತ್ತೆ. ಕೊನೆಗೆ ಒಂದು ಕಡೆ ‘ಟ್ರೈನಿ’ ಅಂತ ಕರೆದರು. ಸಂಬಳ 11 ಸಾವಿರ. ನನ್ನ ಅಂಕಪಟ್ಟಿಗಳು ಅವರ ಬೀರುವಿನಲ್ಲಿ.

ಸುಪ್ರೀಂ ಕೋರ್ಟ್ ಸೂಚನೆಯಂತೆ 2016ರಲ್ಲಿ ಕೇಂದ್ರ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ಕನಿಷ್ಠ 20 ಸಾವಿರ ಕೊಡಬೇಕು ಎಂದಿತ್ತು. ಅದು ಶಿಫಾರಸು ಮಾತ್ರ. ಜಾರಿ ಮಾಡಬೇಕಾದ್ದು ರಾಜ್ಯಗಳು.

ಏಮ್ಸ್‌ನ ನಾರ್ಸೆಟ್ ಪರೀಕ್ಷೆಗೆ ನನ್ನಂಥ ಬಿ.ಎಸ್ಸಿಯವರಿಗೆ ಅನುಭವ ಬೇಕಿಲ್ಲ, ಕಟ್ಟಿದ್ದೇನೆ. ಜಿಎನ್‌ಎಂ ಓದಿದ ಗೆಳತಿಗೆ ಅಲ್ಲೂ 2 ವರ್ಷ ಬೇಕು. ಹಾಗಾಗಿ ಆ 11 ಸಾವಿರಕ್ಕೆ ಅವಳು ಹೂಂ ಅಂದಳು.