ಮನೆಮಂದಿಯೆಲ್ಲ ಒಂದೇ ಭ್ರಮೆಯನ್ನು ನಂಬುವುದು ಹೇಗೆ? ಇದು ದೆವ್ವದ ಕಾಟವೇ?

ದೆಹಲಿಯ ಬುರಾರಿಯಲ್ಲಿ 2018ರ ಜುಲೈ 1ರಂದು ಒಂದೇ ಕುಟುಂಬದ 11 ಮಂದಿ ಶವವಾಗಿ ಸಿಕ್ಕರು. ಆ ಮನೆಯ ಗೋಡೆಯಿಂದ 11 ಪೈಪುಗಳು ಹೊರಚಾಚಿರುವ ಫೋಟೊವನ್ನು ನೀವೂ ನೋಡಿರಬಹುದು. "11 ಪೈಪು, 11 ಸಾವು, ಇದು ಆತ್ಮದ ಸಂಕೇತ" ಎಂಬ ಸಂದೇಶ ಆಗ ಎಲ್ಲೆಡೆ ಹರಿದಾಡಿತ್ತು.

ಪೈಪುಗಳ ಸತ್ಯವೇನು?

ಅವು ಗಾಳಿಯಾಡಲೆಂದು ಹಾಕಿದ ಪೈಪುಗಳು ಎಂದು ಮನೆಯ ಕೆಲಸ ಮಾಡಿದ್ದ ಗುತ್ತಿಗೆದಾರರು ಹೇಳಿದ್ದು ಆಗಲೇ ವರದಿಯಾಗಿತ್ತು. ದುರಂತ ನಡೆದ ಮೇಲೆ ಹುಡುಕುತ್ತಾ ಹೋದರೆ ಯಾವ ಮನೆಯಲ್ಲಾದರೂ ಇಂಥ "ಸಂಕೇತ" ಸಿಗುತ್ತದೆ. ನಿಜವಾದ ಸುಳಿವು ಮನೆಯೊಳಗಿನ ಡೈರಿಗಳಲ್ಲಿತ್ತು.

ಡೈರಿಗಳಲ್ಲಿ ಏನಿತ್ತು?

ತಂದೆ ತೀರಿಕೊಂಡ ಬಳಿಕ, ಅವರ ಆತ್ಮ ತನ್ನ ಮೂಲಕ ಮಾತಾಡುತ್ತದೆ ಎಂದು ಕಿರಿಯ ಮಗ ನಂಬಿದ್ದರು. ಅವರಿಗೆ ಹಿಂದೆ ತಲೆಗೆ ಪೆಟ್ಟಾಗಿತ್ತು, ಹಲ್ಲೆಯೊಂದರ ನಂತರ ಮಾತೂ ನಿಂತಿತ್ತು. ಪೂಜೆ, ಶಿಸ್ತು, ತಪ್ಪಿಗೆ ಪ್ರಾಯಶ್ಚಿತ್ತ, ಹೀಗೆ "ತಂದೆಯ ಆದೇಶ"ಗಳು 2007ರಿಂದ 11 ಡೈರಿಗಳಲ್ಲಿ ದಾಖಲಾದವು. ಹೊರಗಿನವರ ಕಣ್ಣಿಗೆ ಅದು ಅಂಗಡಿ ನಡೆಸುವ ಸಾಮಾನ್ಯ ಕುಟುಂಬ. ಸಾವಿಗೆ ಕೆಲವೇ ದಿನ ಮೊದಲು ಮನೆಯಲ್ಲಿ ನಿಶ್ಚಿತಾರ್ಥವೂ ನಡೆದಿತ್ತು. ಸಾಯುವ ಉದ್ದೇಶ ಅವರಿಗಿರಲಿಲ್ಲ, ಆಚರಣೆಯ ವೇಳೆ ನಡೆದ ದುರ್ಘಟನೆ ಇದು ಎಂದು ಮನೋವೈಜ್ಞಾನಿಕ ಪರಿಶೀಲನೆ ಹೇಳಿತು.

ನಮ್ಮ ರಾಜ್ಯದ ಗಡಿಗೆ ಹತ್ತಿರದ, ಆಂಧ್ರದ ಮದನಪಲ್ಲಿಯಲ್ಲಿ 2021ರ ಜನವರಿಯಲ್ಲಿ ತಂದೆ ತಾಯಿಯೇ ಇಬ್ಬರು ಬೆಳೆದ ಹೆಣ್ಣುಮಕ್ಕಳನ್ನು ಕೊಂದ ಪ್ರಕರಣ ವರದಿಯಾಯಿತು. ಕಲಿಯುಗ ಮುಗಿದು ಸತ್ಯಯುಗ ಶುರುವಾಗುತ್ತದೆ, ಮಕ್ಕಳು ಮತ್ತೆ ಎದ್ದು ಬರುತ್ತಾರೆ ಎಂದು ಅವರು ಪೊಲೀಸರಿಗೆ ಹೇಳಿದ್ದರು. ಇಬ್ಬರೂ ಉನ್ನತ ಶಿಕ್ಷಣ ಪಡೆದವರು, ಶಿಕ್ಷಣ ಕ್ಷೇತ್ರದಲ್ಲೇ ಕೆಲಸದಲ್ಲಿದ್ದವರು. ಓದಿದವರಿಗೆ ಹೀಗಾಗುವುದಿಲ್ಲ ಎಂಬ ಮಾತೂ ಸುಳ್ಳು.

ವೈದ್ಯಶಾಸ್ತ್ರ ಏನು ಹೇಳುತ್ತದೆ?

ಒಬ್ಬರ ಭ್ರಮೆಯನ್ನು ಹತ್ತಿರದವರೂ ನಿಜವೆಂದು ನಂಬುವುದನ್ನು "ಹಂಚಿಕೊಂಡ ಭ್ರಮೆ" ಎನ್ನಬಹುದು. ಫ್ರಾನ್ಸಿನ ವೈದ್ಯರಾದ ಲಸೇಗ್ ಮತ್ತು ಫಾಲ್ರೆ 1877ರಲ್ಲೇ ಇದನ್ನು ವಿವರಿಸಿದ್ದರು. ಇದು ಅಪರೂಪ. ಸಾಮಾನ್ಯವಾಗಿ ಮೊದಲು ಒಬ್ಬರಿಗೆ ಕಾಯಿಲೆ ಇರುತ್ತದೆ. ಅವರ ಮಾತಿಗೆ ಮನೆಯಲ್ಲಿ ತೂಕವಿರುತ್ತದೆ. ಉಳಿದವರು ಅವರನ್ನು ನೆಚ್ಚಿಕೊಂಡಿರುತ್ತಾರೆ. ಹೊರಗಿನವರ ಒಡನಾಟ ಕಡಿಮೆಯಾದಾಗ "ಇದು ಸರಿಯಲ್ಲ" ಎನ್ನುವವರೇ ಉಳಿಯುವುದಿಲ್ಲ. ಅದಕ್ಕೇ ಚಿಕಿತ್ಸೆಯಲ್ಲಿ ಮೊದಲ ವ್ಯಕ್ತಿಗೆ ಔಷಧಿ ಮುಖ್ಯ. ಉಳಿದವರಲ್ಲಿ ಕೆಲವರು, ಅವರಿಂದ ಸ್ವಲ್ಪ ಕಾಲ ದೂರವಿದ್ದರೆ ಸಾಕು, ಸುಧಾರಿಸುತ್ತಾರೆ.

ಹಾಗಾದರೆ ಭಕ್ತಿಯೇ ಕಾಯಿಲೆಯೇ?

ಖಂಡಿತ ಅಲ್ಲ. ಜಾತ್ರೆಯಲ್ಲೋ ಮೊಹರಂನಲ್ಲೋ ಒಬ್ಬರ ಮೈಮೇಲೆ ದೇವರು ಬಂದರೆ ಅದು ಊರವರೆದುರು ನಡೆಯುತ್ತದೆ, ಅಲ್ಲಿಗೇ ಮುಗಿಯುತ್ತದೆ. ಮರುದಿನ ಅದೇ ಮನುಷ್ಯ ಹೊಲಕ್ಕೆ ಹೋಗುತ್ತಾರೆ. ಭ್ರಮೆ ಹಾಗಲ್ಲ. ಅದು ಗುಟ್ಟಾಗಿ ಬೆಳೆಯುತ್ತದೆ, ದಿನಚರಿಯನ್ನೇ ನುಂಗುತ್ತದೆ.

ಈ ಲಕ್ಷಣಗಳಿದ್ದರೆ ಎಚ್ಚರ ವಹಿಸಿ:

- ಬೇರೆ ಯಾರಿಗೂ ಕೇಳದ ಧ್ವನಿ ತನಗೆ ಆದೇಶ ಕೊಡುತ್ತಿದೆ ಎನ್ನುವುದು
- ನಿದ್ದೆ, ಊಟ, ಕೆಲಸ, ಮಕ್ಕಳ ಶಾಲೆ ನಿಲ್ಲುವುದು
- ಬಂಧುಗಳನ್ನು ಮನೆಗೆ ಸೇರಿಸದಿರುವುದು, ಗುಟ್ಟು ಕಾಪಾಡಲು ಆಣೆ ಹಾಕಿಸುವುದು
- ಬಲಿ, ಸಾವು, ಮರುಹುಟ್ಟಿನ ಮಾತು. ಇದಿದ್ದರೆ ಒಂದು ದಿನವೂ ಕಾಯಬೇಡಿ

ಏನು ಮಾಡಬೇಕು?

ವಾದ ಮಾಡಿ ಸೋಲಿಸಲು ಹೋಗಬೇಡಿ, ಗೇಲಿಯನ್ನೂ ಮಾಡಬೇಡಿ. "ನಿದ್ದೆ ಬರ್ತಿಲ್ಲಲ್ಲ, ಡಾಕ್ಟರಿಗೆ ತೋರಿಸೋಣ" ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ ಇದೆ. ಯಾವ ದಿನ ಬರುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ವಿಜಯಪುರದ ಜಿಲ್ಲಾಸ್ಪತ್ರೆಗೂ ಹೋಗಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯವಿದ್ದರೆ ತಕ್ಷಣ 112.

ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. 2020ರ ಜನವರಿಯಿಂದ ಜಾರಿಯಲ್ಲಿರುವ, ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆಯುವ ಕರ್ನಾಟಕದ ಕಾಯ್ದೆ ಇಂಥದ್ದಕ್ಕೆ ಶಿಕ್ಷೆ ವಿಧಿಸುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

"ಆತ್ಮದ ಮನೆ" ಎಂಬ ಸಂದೇಶ ಓದಲು ರೋಚಕ. ಆದರೆ ಅದನ್ನು ನಂಬಿದ ಕುಟುಂಬ ತನ್ನವರಿಗೆ ಕಾಯಿಲೆ ಬಂದಾಗ ಆಸ್ಪತ್ರೆಯ ಬದಲು ಮಂತ್ರವಾದಿಯ ಮನೆಗೆ ಹೋಗಬಹುದು. ಹಾಗೆ ಕಳೆದುಹೋಗುವ ವಾರಗಳೇ ಅಪಾಯದ ವಾರಗಳು. ಪೈಪಿನ ಫೋಟೊ ಅಳಿಸಿ, 14416 ನಂಬರನ್ನು ಹಂಚಿ.