ಸಿಸ್ಟಮ್32ಕ್ಕೆ ಕೈ ಹಾಕುವ ಮುನ್ನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿನ ಬಜಾರಿಗೆ ಹೋದರೂ ಡಿಟಿಪಿ ಅಂಗಡಿ ಇದ್ದೇ ಇರುತ್ತದೆ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಎಲ್ಲ ಅಲ್ಲೇ ಆಗಬೇಕು. ಕಂಪ್ಯೂಟರ್ ಹಳೆಯದು, ಅದರಲ್ಲಿರುವ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಂಗಳ ಫೈಲುಗಳು ಇನ್ನೂ ಹಳೆಯವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಳೆ ಮಶೀನುಗಳನ್ನು ಒಪ್ಪುವುದಿಲ್ಲ. ಅಂಥ ಮಶೀನಿಗೆ ಲಿನಕ್ಸ್ ಹಾಕಿ, ಹಳೆ ವಿಂಡೋಸ್ ಪ್ರೋಗ್ರಾಂಗಳನ್ನು ವೈನ್ ಎಂಬ ತಂತ್ರಾಂಶದ ಮೂಲಕ ಓಡಿಸಿ ನೋಡುವುದು ಒಳ್ಳೆಯ ದಾರಿ. ಆದರೆ ಈ ದಾರಿಯ ಸುತ್ತ ತಪ್ಪು ನಂಬಿಕೆಗಳು ಬಹಳ ಇವೆ. ಅವುಗಳಿಂದ ಸರಿಯಾಗಬಹುದಾದ ಮಶೀನೂ ಮೂಲೆ ಸೇರುತ್ತದೆ.

ನಂಬಿಕೆ: ಡಿಎಲ್‌ಎಲ್ (ಪ್ರೋಗ್ರಾಂ ಕೇಳುವ ಲೈಬ್ರರಿ ಫೈಲ್) ಇಲ್ಲ ಎಂದರೆ ನೆಟ್‌ನಿಂದ ಇಳಿಸಿ ಸಿಸ್ಟಮ್32 ಫೋಲ್ಡರಿಗೆ ಹಾಕಿದರಾಯಿತು.

ಅತಿ ಹೆಚ್ಚು ಕೆಡಿಸುವುದು ಇದೇ. ಟರ್ಮಿನಲ್‌ನಲ್ಲಿ ‘ಎಂಎಫ್‌ಸಿ42.ಡಿಎಲ್‌ಎಲ್ ಸಿಗಲಿಲ್ಲ’ ಎಂಬ ಅರ್ಥದ ಸಾಲು ಬಂತು ಎನ್ನಿ. ಫೈಲ್ ಇಳಿಸಿ ಸಿಸ್ಟಮ್32ಕ್ಕೆ ಹಾಕಿದರೂ ಮತ್ತೆ ಅದೇ ಸಾಲು. ಕಾರಣ ಇಷ್ಟೇ: 64-ಬಿಟ್ ವೈನ್ ಫೋಲ್ಡರಿನಲ್ಲಿ ಸಿಸ್ಟಮ್32 ಇರುವುದು 64-ಬಿಟ್ ಲೈಬ್ರರಿಗಳಿಗೆ. ಹಳೆ ಪ್ರೋಗ್ರಾಂಗಳಿಗೆ ಬೇಕಾಗುವ 32-ಬಿಟ್ ಲೈಬ್ರರಿಗಳ ಜಾಗ ಸಿಸ್‌ವಾವ್64. ಹೆಸರು ನೋಡಿದರೆ ಉಲ್ಟಾ ಅನಿಸುತ್ತದೆ, ವಿಂಡೋಸ್‌ನಲ್ಲೂ ಹಾಗೆಯೇ. 32-ಬಿಟ್ ಪ್ರೋಗ್ರಾಂ ಸಿಸ್ಟಮ್32 ಎಂದು ಕೇಳಿದರೂ ವೈನ್ ಅದನ್ನು ಸಿಸ್‌ವಾವ್64ಕ್ಕೇ ತಿರುಗಿಸುತ್ತದೆ. ನೀವು ಹಾಕಿದ ಫೈಲನ್ನು ಅದು ನೋಡಿಯೇ ಇರುವುದಿಲ್ಲ.

ಇದಕ್ಕೆ ವೈನ್‌ಟ್ರಿಕ್ಸ್ ಎಂಬ ಸಲಕರಣೆ ಇದೆ. ಎಂಎಫ್‌ಸಿ42, ವಿಷುಯಲ್ ಬೇಸಿಕ್ 6ರ ರನ್‌ಟೈಮ್ ಮುಂತಾದವನ್ನು ಸರಿಯಾದ ಜಾಗಕ್ಕೆ ಅದೇ ಹಾಕಿಕೊಡುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ‘ವೈನ್32 ಇಲ್ಲ’ ಎಂಬ ಎಚ್ಚರಿಕೆ ಬಂದರೆ ಕೊರತೆ ವೈನ್‌ನ 32-ಬಿಟ್ ಭಾಗದ್ದು. ಡಿಎಲ್‌ಎಲ್ ಹುಡುಕುವ ಮಾತೇ ಇಲ್ಲ. ಐ386 (32-ಬಿಟ್) ಪ್ಯಾಕೇಜುಗಳಿಗೆ ಅವಕಾಶ ಕೊಟ್ಟು ಅದನ್ನು ಹಾಕಿಕೊಳ್ಳಬೇಕು. ಗುರುತಿಲ್ಲದ ಸೈಟಿನ ಡಿಎಲ್‌ಎಲ್ ಎಂದರೆ ಯಾರೋ ಬರೆದ ಪ್ರೋಗ್ರಾಂ. ಗ್ರಾಹಕರ ಆಧಾರ್ ಪ್ರತಿ ಇರುವ ಮಶೀನಿಗೆ ಅದನ್ನು ಬಿಟ್ಟುಕೊಳ್ಳಲೇಬಾರದು.

ನಂಬಿಕೆ: ವಿಂಡೋಸ್‌ನ ಅಸಲಿ ಫೈಲ್ ಯಾವಾಗಲೂ ಮೇಲು.

ವೈನ್ 1993ರಲ್ಲಿ ಶುರುವಾದ ಕೆಲಸ. ವಿಂಡೋಸ್ ಪ್ರೋಗ್ರಾಂ ಕೇಳುವ ಲೈಬ್ರರಿಗಳನ್ನು ಅದು ತಾನೇ ಹೊಸದಾಗಿ ಬರೆದು ಕೊಡುತ್ತದೆ. ವೈನ್‌ನ ಸೆಟ್ಟಿಂಗ್ ಕಿಟಕಿಯಾದ ವೈನ್‌ಸಿಎಫ್‌ಜಿಯ ಲೈಬ್ರರಿ ಪುಟದಲ್ಲಿ ಒಂದೊಂದು ಲೈಬ್ರರಿಗೂ ವೈನ್‌ನದು ಮೊದಲೋ ಅಸಲಿಯದು ಮೊದಲೋ ಎಂದು ಹೇಳಬಹುದು. ಕೆಲವಕ್ಕೆ ಅಸಲಿ ಸರಿಹೋಗುತ್ತದೆ. ಆದರೆ ಎನ್‌ಟಿಡಿಎಲ್‌ಎಲ್, ಕರ್ನಲ್32, ಯೂಸರ್32, ಜಿಡಿಐ32 ಇವನ್ನು ಮುಟ್ಟಬಾರದು. ಅಸಲಿ ಎನ್‌ಟಿಡಿಎಲ್‌ಎಲ್ ನೇರವಾಗಿ ವಿಂಡೋಸ್ ಕರ್ನಲ್ ಜತೆ ಮಾತಾಡುವಂಥದ್ದು, ಇಲ್ಲಿ ಕೆಳಗಿರುವುದು ಲಿನಕ್ಸ್. ಎಲ್ಲವನ್ನೂ ಅಸಲಿಗೆ ಬದಲಿಸಿದರೆ ಮೊದಲು ಓಡುತ್ತಿದ್ದುದೂ ನಿಲ್ಲುತ್ತದೆ.

ನಂಬಿಕೆ: ವೈನ್ ತೆಗೆದು ಮತ್ತೆ ಹಾಕಿದರೆ ಎಲ್ಲ ಸರಿಹೋಗುತ್ತದೆ.

ಹೋಗುವುದಿಲ್ಲ. ಬದಲಿಸಿದ ಡಿಎಲ್‌ಎಲ್, ಸೆಟ್ಟಿಂಗ್ ಎಲ್ಲ ನಿಮ್ಮ ಹೋಮ್ ಫೋಲ್ಡರಿನ ‘.ವೈನ್’ನಲ್ಲಿ ಅಡಗಿರುತ್ತವೆ, ಪ್ಯಾಕೇಜ್ ತೆಗೆದರೂ ಅವು ಉಳಿಯುತ್ತವೆ. ವೈನ್‌ಪ್ರಿಫಿಕ್ಸ್ ಎಂಬ ಸೆಟ್ಟಿಂಗ್ ಬಳಸಿ ನುಡಿಗೊಂದು, ಟ್ಯಾಲಿಗೊಂದು ಬೇರೆ ಬೇರೆ ಫೋಲ್ಡರ್ ಮಾಡಿದರೆ ಒಂದರ ಲೈಬ್ರರಿ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಕೆಟ್ಟರೆ ಆ ಒಂದನ್ನೇ ಅಳಿಸಿ ಹೊಸದು ಮಾಡಬಹುದು. ಅದರೊಳಗೆ ಗ್ರಾಹಕರ ಫೈಲ್ ಇದ್ದರೆ ಮಾತ್ರ ಮೊದಲು ಹೊರಗೆ ತೆಗೆದಿಡಿ.

ನಂಬಿಕೆ: ಅಕ್ಷರ ಗಜಿಬಿಜಿಯಾದರೆ ಲೈಬ್ರರಿ ಕೆಟ್ಟಿದೆ.

ಹಳೆಯ ನುಡಿ ಫೈಲ್ ತೆರೆದಾಗ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಂಡರೆ ಬಹುತೇಕ ಆ ನುಡಿ ಫಾಂಟ್ ಇಲ್ಲವೆಂದೇ ಅರ್ಥ. ಯೂನಿಕೋಡ್ ಅಲ್ಲದ ಆ ಫೈಲುಗಳು ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತವೆ. ಯಾವ ಡಿಎಲ್‌ಎಲ್ ಬದಲಿಸಿದರೂ ಪ್ರಯೋಜನವಿಲ್ಲ.

ನಂಬಿಕೆ: ವೈನ್‌ನಲ್ಲಿ ನುಡಿ ತೆರೆದಿಟ್ಟರೆ ಲಿಬ್ರೆ ಆಫೀಸಿನಲ್ಲೂ ಕನ್ನಡ ಮೂಡಬೇಕು.

ಮೂಡದಿದ್ದಾಗ ಜನ ಮತ್ತೆ ಲೈಬ್ರರಿ ಹುಡುಕಲು ಹೊರಡುತ್ತಾರೆ. ವೈನ್‌ನೊಳಗಿನ ಪ್ರೋಗ್ರಾಂ ವೈನ್ ಕಿಟಕಿಗಳ ಕೀಲಿಗಳನ್ನಷ್ಟೇ ಹಿಡಿಯಬಲ್ಲದು, ಲಿನಕ್ಸ್‌ನ ಕಿಟಕಿ ಅದರ ಕೈಗೆ ಸಿಗುವುದಿಲ್ಲ. ಹೊಸದಾಗಿ ಟೈಪ್ ಮಾಡಲು ವೈನ್ ಬೇಕಾಗಿಯೂ ಇಲ್ಲ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡದ ಕೆಳಗೆ ಕಗಪ ವಿನ್ಯಾಸ ಇದೆ. ಅದನ್ನು ಆರಿಸಿದರೆ ಯೂನಿಕೋಡ್‌ನಲ್ಲೇ ಟೈಪ್ ಆಗುತ್ತದೆ, ವೈನ್ ಹಳೆ ಫೈಲುಗಳಿಗಷ್ಟೇ ಸಾಕು.